ಮೂಲೆ ನೆಗ್ಗಿದ ಲ್ಯಾಪ್‌ಟಾಪಿಗೆ ನಾನು ಬೆಲೆ ಕಟ್ಟಿದ್ದು

ದೀಪಾವಳಿ ಮುಗಿದ ಮರುವಾರ ಪಕ್ಕದ ಬಿಲ್ಡಿಂಗಿನ ಅಕ್ಕ ಬಟ್ಟೆ ಚೀಲದಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಅಂಗಡಿಗೆ ಬಂದರು. ಅಂಗಡಿ ಅಂದರೆ ದೊಡ್ಡದೇನಲ್ಲ. ಮುಂಬೈ ಹತ್ತಿರದ ಡೊಂಬಿವಲಿ ಈಸ್ಟ್‌ನಲ್ಲಿ ಎಂಟು ಅಡಿ ಅಗಲದ ಒಂದು ಗಾಲಾ, ಅಂದರೆ ಮಳಿಗೆ. ಒಂದು ಟೇಬಲ್ಲು, ಅದರ ಮೇಲೊಂದು ದೀಪ, ಗೋಡೆ ತುಂಬ ನೇತಾಡುವ ಹಳೆ ಚಾರ್ಜರ್‌ಗಳು. ಹದಿಮೂರು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಜೊತೆಗೆ ಹಳೆಯದನ್ನು ಕೊಳ್ಳುವುದು, ಸರಿಮಾಡಿ ಮಾರುವುದು.

ಅಕ್ಕ ಧಾರವಾಡದ ಕಡೆಯವರು, ನಾನು ಕುಂದಾಪುರದ ಕಡೆಯವನು. ನಾವಿಬ್ಬರೂ ಮಾತಾಡುವುದನ್ನು ಕೇಳಿ ಪಕ್ಕದ ಮೊಬೈಲ್ ಅಂಗಡಿಯ ಹುಡುಗ ಒಮ್ಮೆ ಕೇಳಿದ್ದ, ನೀವು ಆಡುವುದು ಒಂದೇ ಭಾಷೆನಾ ಅಂತ.

"ತಮ್ಮಾ, ಇದಕ್ಕ ಆರ ಸಾವಿರ ಅಂತಾನ ನೋಡಪಾ. ಹೊರಗ ಒಂದೀಟ ತಗ್ಗ ಬಿದ್ದದ, ಅಷ್ಟ. ಒಳಗ ಎಲ್ಲಾ ಛಲೋ ಅದ."

ಆಗಿದ್ದು ಇಷ್ಟು. ಹಳೆ ಲ್ಯಾಪ್‌ಟಾಪ್ ಕೊಳ್ಳುವ ಒಂದು ಆನ್‌ಲೈನ್ ಕಂಪನಿಯಲ್ಲಿ ಅಕ್ಕನ ಮಗ ವಿವರ ತುಂಬಿದ್ದ. ಹನ್ನೊಂದು ಸಾವಿರ ಅಂತ ತೋರಿಸಿತ್ತು. ಮನೆಗೆ ಬಂದ ಹುಡುಗ ಮೂಲೆ ನೋಡಿದ, ಫೋನಿನಲ್ಲಿ ಏನೋ ಒತ್ತಿದ, "ಬಾಡಿ ಡ್ಯಾಮೇಜ್" ಅಂದ. ಹನ್ನೊಂದು ಆರಕ್ಕೆ ಇಳಿಯಿತು. ಅಕ್ಕ ಅವನಿಗೆ ಚಹಾ ಕುಡಿಸಿ ವಾಪಸ್ ಕಳಿಸಿದ್ದರು.

ಚೀಲದಿಂದ ತೆಗೆದು ನೋಡಿದೆ. ಎಚ್‌ಪಿ ಎಲೀಟ್‌ಬುಕ್ 840 ಜಿ5. 2018ರ ಮಾಡೆಲ್, ಇಂಟೆಲ್‌ನ ಎಂಟನೇ ಜನರೇಷನ್ನಿನ ಐ5 ಪ್ರೊಸೆಸರ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಮುಚ್ಚಳದ ಎಡ ಮೇಲಿನ ಮೂಲೆ ಒಳಕ್ಕೆ ಮಡಚಿಕೊಂಡಿತ್ತು. ಹುಣಸೆ ಬೀಜದಷ್ಟು ಗುಳಿ. ಮುಚ್ಚಳದ ಬೆನ್ನಿಗೆ ನಾಲ್ಕೈದು ಗೀರು. ಅಡಿಯಲ್ಲಿ ಒಂದು ರಬ್ಬರ್ ಕಾಲು ಇರಲಿಲ್ಲ. ಮಗ ಅಂಧೇರಿಗೆ ಕೆಲಸಕ್ಕೆ ಹೋಗುತ್ತಿದ್ದಾಗ ಲೋಕಲ್ ಟ್ರೈನಿನ ಮೇಲಿನ ರ್‍ಯಾಕಿನಿಂದ ಬ್ಯಾಗು ಬಿದ್ದು ಆದದ್ದಂತೆ. ಮುಲುಂಡ್‌ನಲ್ಲಿ ಇಳಿಯುವ ಯಾರೋ ತಮ್ಮ ಬ್ಯಾಗ್ ಎಳೆದಾಗ ಇವನದ್ದೂ ಬಂತು.

ಹಳೆ ಲ್ಯಾಪ್‌ಟಾಪ್ ಮಾರಲು ಬರುವವರಲ್ಲಿ ಎರಡು ಜಾತಿ. ಒಬ್ಬರಿಗೆ ಡೆಂಟ್ ಕಾಣಿಸುವುದೇ ಇಲ್ಲ, "ಅದೇನು ಮಹಾ" ಅನ್ನುತ್ತಾರೆ. ಇನ್ನೊಬ್ಬರಿಗೆ ಡೆಂಟ್ ಬಿಟ್ಟು ಬೇರೇನೂ ಕಾಣಿಸುವುದಿಲ್ಲ, ಯಾರು ಎಷ್ಟು ಕೊಟ್ಟರೂ ಸಾಕು ಅಂತಾರೆ. ಇಷ್ಟು ವರ್ಷದಲ್ಲಿ ನನಗೆ ಗೊತ್ತಾದದ್ದು ಏನೆಂದರೆ, ಕೊಳ್ಳುವವನು ದುಡ್ಡು ಕಡಿಮೆ ಮಾಡುವುದು ಆ ಗುಳಿಗಾಗಿ ಅಲ್ಲ. ಬಿದ್ದಿದೆ ಅಂದಮೇಲೆ ಒಳಗೆ ಏನೇನು ಹೋಗಿದೆಯೋ ಅನ್ನುವ ಹೆದರಿಕೆಗಾಗಿ. ಗುಳಿಯ ಬೆಲೆ ಸಾವಿರ ರೂಪಾಯಿ ಇದ್ದರೆ ಹೆದರಿಕೆಯ ಬೆಲೆ ನಾಲ್ಕು ಸಾವಿರ. ಗುಳಿ ತೆಗೆಯುವುದು ಕಷ್ಟ. ಹೆದರಿಕೆಯನ್ನು ಒಂದು ಮಧ್ಯಾಹ್ನದಲ್ಲಿ ತೆಗೆಯಬಹುದು.

ಮೊದಲು ಡೆಂಟ್ ಮರೆತುಬಿಟ್ಟೆ. ಇದೇ ಲ್ಯಾಪ್‌ಟಾಪ್ ಚೊಕ್ಕಟವಾಗಿ ಇದ್ದಿದ್ದರೆ ಎಷ್ಟು? ಅದು ಗೊತ್ತಿಲ್ಲದೆ ಕಳೆಯುವುದು ಯಾವುದರಿಂದ?

ಇದಕ್ಕೆ ನಾನು ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರಾದ ಲ್ಯಾಮಿಂಗ್ಟನ್ ರೋಡಿಗೇ ಹೋಗುತ್ತೇನೆ. ಕಾಗದದ ಮೇಲೆ ಅದರ ಹೆಸರು ಡಾಕ್ಟರ್ ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಹಾಗೆ ಕೇಳಿದರೆ ಟ್ಯಾಕ್ಸಿಯವನು ಎರಡು ಸಲ ಯೋಚಿಸುತ್ತಾನೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ದಾದರ್, ಸೇತುವೆ ದಾಟಿ ವೆಸ್ಟರ್ನ್ ಲೈನಿನ ಸ್ಲೋ, ಗ್ರ್ಯಾಂಟ್ ರೋಡ್‌ನಲ್ಲಿ ಇಳಿದು ಈಸ್ಟ್ ಕಡೆ ನಡಿಗೆ. ವಾರಕ್ಕೊಮ್ಮೆ ಪಾರ್ಟ್ಸ್ ತರಲು ಹೇಗೂ ಹೋಗುತ್ತೇನೆ. ಒಂದು ಅಂಗಡಿಯಲ್ಲಿ ಮಾರುವವನಂತೆ ಕೇಳಿದೆ. ಇನ್ನೊಂದರಲ್ಲಿ ಕೊಳ್ಳುವವನಂತೆ. ಎರಡನ್ನೂ ಒಂದೇ ಅಂಗಡಿಯಲ್ಲಿ ಕೇಳಬಾರದು, ನಿಜ ಹೇಳುವುದಿಲ್ಲ.

"ಕ್ಲೀನ್ ಪೀಸ್ ಹೈ ತೋ ಬಾರಾ ದೂಂಗಾ" ಅಂದ ಮೊದಲನೆಯವನು, ಚೊಕ್ಕಟವಾಗಿದ್ದರೆ ಹನ್ನೆರಡು ಸಾವಿರ ಕೊಡುತ್ತೇನೆ ಅಂತ. ಎರಡನೆಯವನು ಅಂಥದ್ದೇ ಒಂದನ್ನು ಕಪಾಟಿನಿಂದ ತೆಗೆದು, ಒರೆಸಿ, 20,500 ಅಂದ. ಬಿಲ್ಲು ಮತ್ತು ಒಂದು ತಿಂಗಳ ವಾರಂಟಿ ಸೇರಿ. ಹನ್ನೆರಡಕ್ಕೂ ಇಪ್ಪತ್ತೂವರೆಗೂ ನಡುವೆ ಇರುವ ಎಂಟೂವರೆ ಸಾವಿರ ಪೂರ್ತಿ ಲಾಭ ಅಂತ ತಿಳಿಯಬೇಡಿ. ಅದರಲ್ಲಿ ಬಾಡಿಗೆ ಇದೆ, ಹುಡುಗರ ಸಂಬಳ ಇದೆ, ವಾಪಸ್ ಬರುವ ಪೀಸುಗಳ ನಷ್ಟ ಇದೆ. ನಾನೂ ಅದೇ ಧಂದೆಯಲ್ಲಿ ಇರುವುದರಿಂದ ಇಷ್ಟು ಹೇಳಲೇಬೇಕು.

ಮನೆಯವರು ನೇರವಾಗಿ ಮಾರಿದರೆ ಸಿಗುವುದು ಈ ಎರಡರ ನಡುವೆ ಎಲ್ಲೋ. ವಾರಂಟಿ ಇಲ್ಲ, ಆದ್ದರಿಂದ ಅಂಗಡಿ ಬೆಲೆ ಬರುವುದಿಲ್ಲ. ಮಧ್ಯದ ದಲ್ಲಾಳಿ ಇಲ್ಲ, ಆದ್ದರಿಂದ ಅಂಗಡಿಯವ ಕೊಡುವುದಕ್ಕಿಂತ ಜಾಸ್ತಿ ಬರುತ್ತದೆ. ಸುಮಾರಾಗಿ ಹದಿನಾರು ಸಾವಿರ ಅಂದುಕೊಂಡೆ.

ಇದನ್ನು ಸರಿ ನೋಡಲು ಓಎಲ್‌ಎಕ್ಸ್ ತೆರೆದೆ. ಅಲ್ಲಿ ಇದೇ ಮಾಡೆಲ್ ಹದಿನಾಲ್ಕರಿಂದ ಇಪ್ಪತ್ನಾಲ್ಕು ಸಾವಿರದವರೆಗೂ ಇತ್ತು. ಎಲ್ಲರೂ ಇಲ್ಲೇ ತಪ್ಪು ಮಾಡುತ್ತಾರೆ. ಅಲ್ಲಿ ಬರೆದಿರುವುದು ಕೇಳುವ ಬೆಲೆ. ಮಾರಾಟವಾದ ಬೆಲೆ ಅಲ್ಲ. ಇಪ್ಪತ್ನಾಲ್ಕು ಅಂತ ಹಾಕಿದವನ ಲ್ಯಾಪ್‌ಟಾಪ್ ಮೂರು ತಿಂಗಳಿಂದ ಅಲ್ಲೇ ಕೂತಿರುತ್ತದೆ, ಅದನ್ನು ನೋಡಿ ಹೊಸಬರು ಇಪ್ಪತ್ಮೂರು ಹಾಕುತ್ತಾರೆ. ನಾನು ಥಾಣೆ, ಕಲ್ಯಾಣ್ ಸುತ್ತಮುತ್ತಲಿನ ಒಂಬತ್ತು ಜಾಹೀರಾತು ಸೇವ್ ಮಾಡಿಟ್ಟೆ. ಹತ್ತು ದಿನ ಬಿಟ್ಟು ನೋಡಿದಾಗ ನಾಲ್ಕು ಮಾಯವಾಗಿದ್ದವು. ಆ ನಾಲ್ಕರ ಬೆಲೆ 14,500ರಿಂದ 17,000ದೊಳಗೆ. ನನ್ನ ಹದಿನಾರು ಸುಳ್ಳಲ್ಲ ಅಂತಾಯಿತು. ಅಕ್ಕನಿಗೆ ಹತ್ತು ದಿನ ಕಾಯಲು ಹೇಳಿದ್ದಕ್ಕೆ ಕಾರಣ ಇದೊಂದೇ.

ಇನ್ನೊಂದು ಮಾತು. ಎಂಟನೇ ಜನರೇಷನ್ ಅನ್ನುವುದು ಇಲ್ಲಿ ಡೆಂಟ್‌ಗಿಂತ ದೊಡ್ಡ ವಿಷಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೂರುವುದು ಇಂಟೆಲ್‌ನ ಎಂಟನೇ ಜನರೇಷನ್ನಿನಿಂದ ಮೇಲಿನವಕ್ಕೆ, ಒಂದೆರಡು ಅಪವಾದ ಬಿಟ್ಟರೆ. ಏಳನೇ ಜನರೇಷನ್ನಿನ ಲ್ಯಾಪ್‌ಟಾಪ್ ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದರೂ ಈಗ ಕೈಗೆ ತೆಗೆದುಕೊಳ್ಳಲು ನಾನು ಹಿಂದೆಮುಂದೆ ನೋಡುತ್ತೇನೆ. ಮೂಲೆ ನೆಗ್ಗಿದ ಎಂಟನೆಯದು ಅದಕ್ಕಿಂತ ಮೇಲು.

ಆಮೇಲೆ ಶುರುವಾಗುವುದು ನಿಜವಾದ ಕೆಲಸ. ಹೊರಗಿನ ಪೆಟ್ಟು ಹೊರಗಿನದ್ದೇನಾ ಅಂತ ನೋಡುವುದು.

ಇದರಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಎರಡು ವರ್ಷದ ಹಿಂದೆ ಪ್ಲಾಸ್ಟಿಕ್ ಬಾಡಿಯ ಒಂದು ಲ್ಯಾಪ್‌ಟಾಪ್ ಕೊಂಡೆ. ಬಲಗಡೆ ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲಿನ ಹತ್ತಿರ ಕೂದಲೆಳೆಯಷ್ಟು ಬಿರುಕು, ಅಷ್ಟೇ. ಗೀರು ಅಂತ ಲೆಕ್ಕ ಹಾಕಿ ಐನೂರು ಕಳೆದು ಹನ್ನೊಂದು ಸಾವಿರ ಕೊಟ್ಟೆ. ಹದಿನಾಲ್ಕೂವರೆಗೆ ಒಬ್ಬ ಹುಡುಗನಿಗೆ ಮಾರಿದೆ. ಹದಿನೆಂಟನೇ ದಿನ ಅವನು ವಾಪಸ್ ಬಂದ. ಲ್ಯಾಪ್‌ಟಾಪಿನ ಬಲಮೂಲೆ ಮೊಸಳೆ ಬಾಯಿಯಂತೆ ತೆರೆದುಕೊಂಡಿತ್ತು. ಮುಚ್ಚಳ ಎತ್ತಿದರೆ ಕೀಬೋರ್ಡೂ ಜೊತೆಗೆ ಏಳುತ್ತಿತ್ತು.

ಆದದ್ದು ಇಷ್ಟು. ಹಿಂಜ್ ಅನ್ನು ಹಿಡಿದಿರುವ ಸ್ಕ್ರೂಗಳು ಕೂರುವುದು ಚಿಕ್ಕ ಹಿತ್ತಾಳೆ ನಟ್‌ಗಳಲ್ಲಿ. ಆ ನಟ್‌ಗಳನ್ನು ಪ್ಲಾಸ್ಟಿಕ್ ಕಂಬಗಳೊಳಗೆ ಕೂರಿಸಿರುತ್ತಾರೆ. ಬಿದ್ದಾಗ ಒಡೆದದ್ದು ಆ ಕಂಬ. ಹೊರಗೆ ಕಂಡ ಬಿರುಕು ಅದರ ಸುದ್ದಿ ಮಾತ್ರ. ಪ್ರತಿ ಸಲ ಮುಚ್ಚಳ ತೆಗೆದು ಹಾಕಿದಾಗಲೂ ಹಿಂಜ್ ಉಳಿದ ಕಂಬಗಳನ್ನು ಒಂದೊಂದಾಗಿ ಕೀಳುತ್ತಾ ಬಂದಿದೆ. ಕೀಬೋರ್ಡ್ ಕೂರುವ ಸಿ ಪ್ಯಾನಲ್ ಬದಲಿಸಿ, ಡಿಸ್ಪ್ಲೇ ಕೇಬಲ್ ಬದಲಿಸಿ ಕೊಟ್ಟೆ. ಲಾಭ ಹೋಯಿತು, ಮೇಲಿಂದ ನಾನ್ನೂರು ಕೈಯಿಂದ ಹೋಯಿತು. ಕೆಲವರು ಇಂಥ ಜಾಗಕ್ಕೆ ಎಂ-ಸೀಲ್ ಮೆತ್ತಿ ಮಾರುತ್ತಾರೆ. ತೆಗೆದು ನೋಡಿದಾಗ ಅಗುಳು ಮೆತ್ತಿದ ಹಾಗೆ ಕಾಣುತ್ತದೆ.

ಅಂದಿನಿಂದ ಹಿಂಜ್‌ನಿಂದ ಎರಡು ಬೆರಳಿನಷ್ಟು ದೂರದೊಳಗೆ ಇರುವ ಯಾವ ಬಿರುಕನ್ನೂ ನಾನು ಗೀರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ರಿಪೇರಿ. ಮತ್ತೆ, ಲೋಹ ಮತ್ತು ಪ್ಲಾಸ್ಟಿಕ್ ಒಂದೇ ತರ ಪೆಟ್ಟು ತಿನ್ನುವುದಿಲ್ಲ. ಅಲ್ಯುಮಿನಿಯಂ ಮಡಚಿಕೊಳ್ಳುತ್ತದೆ, ಮಡಚಿದ್ದು ಎಲ್ಲರಿಗೂ ಕಾಣುತ್ತದೆ. ಪ್ಲಾಸ್ಟಿಕ್ ಹೊರಗೆ ಏನೂ ಆಗದವರಂತೆ ಇದ್ದು ಒಳಗೆ ಒಡೆಯುತ್ತದೆ. ನೋಡಲು ಅಸಹ್ಯವಾದ ಲೋಹದ ಗುಳಿಗಿಂತ ಪ್ಲಾಸ್ಟಿಕ್ಕಿನ ಕೂದಲೆಳೆ ಬಿರುಕಿಗೆ ನನಗೆ ಭಯ ಜಾಸ್ತಿ.

ಹೊರಗಿನದ್ದಲ್ಲದ ಇನ್ನೊಂದು ಇದೆ. ಠಾಕುರ್ಲಿಯ ಒಬ್ಬರು "ಬಿದ್ದು ಸೊಟ್ಟ ಆಗಿದೆ" ಅಂತ ಒಂದು ತಂದರು. ಟೇಬಲ್ ಮೇಲೆ ಇಟ್ಟರೆ ತೊಟ್ಟಿಲಿನಂತೆ ತೂಗುತ್ತಿತ್ತು. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿರಲಿಲ್ಲ. ಬಿದ್ದೂ ಇರಲಿಲ್ಲ, ಸೊಟ್ಟವೂ ಆಗಿರಲಿಲ್ಲ. ಬ್ಯಾಟರಿ ಉಬ್ಬಿ ಕೆಳಗಿನಿಂದ ತಳ್ಳುತ್ತಿತ್ತು. ಅಂಥದ್ದಕ್ಕೆ ಬೆಲೆ ಕಟ್ಟುವ ಮಾತು ಹಾಗಿರಲಿ, ಚಾರ್ಜ್‌ಗೆ ಕೂಡ ಹಾಕಬಾರದು.

ಅಕ್ಕನ ಲ್ಯಾಪ್‌ಟಾಪಿಗೆ ಬರೋಣ. ಗಾಜಿನ ಮೇಲೆ ಇಟ್ಟು ನಾಲ್ಕೂ ಮೂಲೆ ಒತ್ತಿದೆ. ರಬ್ಬರ್ ಕಾಲು ಇಲ್ಲದ ಕಡೆ ಮಾತ್ರ ಸ್ವಲ್ಪ ಆಡಿತು. ಅಲ್ಲಿ ರಟ್ಟಿನ ತುಂಡು ಇಟ್ಟ ಮೇಲೆ ನಿಂತಿತು. ಅಂದರೆ ತಳ ತಿರುಚಿಲ್ಲ. ಮುಚ್ಚಿ, ಸುತ್ತಲೂ ಒಂದು ವಿಸಿಟಿಂಗ್ ಕಾರ್ಡ್ ಓಡಿಸಿದೆ. ಎಲ್ಲ ಕಡೆ ಒಂದೇ ಬಿಗಿಯಲ್ಲಿ ಹೋಯಿತು, ನೆಗ್ಗಿದ ಮೂಲೆಯಲ್ಲಿ ಮಾತ್ರ ಸಿಕ್ಕಿಕೊಂಡಿತು. ಅದು ಸರಿಯೇ.

ಆಮೇಲೆ ಅಂಗಡಿ ಶಟರ್ ಅರ್ಧ ಇಳಿಸಿ ಲೈಟ್ ಆರಿಸಿದೆ. ಪರದೆ ಪೂರ್ತಿ ಕಪ್ಪು ಮಾಡಿ ಆ ಮೂಲೆ ನೋಡಿದೆ. ಪೆಟ್ಟು ಪರದೆಗೆ ತಗುಲಿದ್ದರೆ ಅಲ್ಲಿ ಬೆಳಕು ಸೋರುತ್ತದೆ. ಸೋರಲಿಲ್ಲ. ಪೂರ್ತಿ ಬಿಳಿ ಮಾಡಿದೆ. ಮಧ್ಯದಲ್ಲಿ ಸ್ವಲ್ಪ ಕೆಳಗೆ ಮಸುಕಾದ ಒಂದು ಬಿಳಿ ಚುಕ್ಕೆ ಕಂಡಿತು, ಹೆಸರುಕಾಳಿನಷ್ಟು. ಇದು ಬಿದ್ದದ್ದರಿಂದ ಆದದ್ದಲ್ಲ. ಒತ್ತಿದ್ದರಿಂದ ಆದದ್ದು. ಮುಂಬೈಯಲ್ಲಿ ನಾನು ನೋಡುವ ಲ್ಯಾಪ್‌ಟಾಪ್‌ಗಳಲ್ಲಿ ಈ ಚುಕ್ಕೆ ಸಾಮಾನ್ಯ. ಬ್ಯಾಗನ್ನು ಎದೆಗೆ ಹಾಕಿಕೊಂಡು ಬೆಳಗಿನ ಫಾಸ್ಟ್ ಹತ್ತುತ್ತಾರೆ. ಬ್ಯಾಗಿನೊಳಗೆ ಲ್ಯಾಪ್‌ಟಾಪ್, ಅದಕ್ಕೆ ತಾಗಿ ಸ್ಟೀಲಿನ ಟಿಫಿನ್ ಡಬ್ಬಿ, ಹಿಂದೆ ಮುಂದೆ ಜನ. ಡಬ್ಬಿಯ ಅಂಚು ಮುಚ್ಚಳವನ್ನು ಒತ್ತುತ್ತಾ ಒತ್ತುತ್ತಾ ಪರದೆಯ ಹಿಂದಿನ ಹಾಳೆಗಳಲ್ಲಿ ಗುರುತು ಉಳಿಸುತ್ತದೆ. ಅಕ್ಕನಿಗೆ ಹೇಳಿದಾಗ, "ನನ್ನ ಡಬ್ಬೀನ ಮಾಡಿದ್ದೇನು ಅದನ್ನ?" ಅಂದು ನಕ್ಕರು.

ಮುಂದೆ ಹಿಂಜ್. ಬಿಳಿ ಪರದೆ ಇಟ್ಟುಕೊಂಡು ನಿಧಾನಕ್ಕೆ ಇಪ್ಪತ್ತು ಸಲ ತೆಗೆದು ಮುಚ್ಚಿದೆ. ಮಿಣುಕಲಿಲ್ಲ, ಕಿರ್ ಅನ್ನಲಿಲ್ಲ. ಮುಚ್ಚಳ ಆಡಿಸುವಾಗಲೇ ವೈಫೈ ನೋಡಿಕೊಳ್ಳುವುದು ಒಳ್ಳೆಯದು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ಪರದೆಯ ಸುತ್ತ ಇರುತ್ತದೆ, ಅದರ ತಂತಿ ಹಿಂಜ್ ದಾಟಿ ಕೆಳಗೆ ಬರುತ್ತದೆ. ಮುಚ್ಚಳದ ಮೂಲೆಗೆ ಪೆಟ್ಟು ಬಿದ್ದಿದ್ದರೆ ಅಲ್ಲೂ ಏಟು ತಗುಲಿರಬಹುದು. ಅಂಗಡಿಯ ಕೊನೆಗೆ ಹೋಗಿ ಒಂದು ವೀಡಿಯೋ ಓಡಿಸಿ, ಮುಚ್ಚಳ ಆಡಿಸಿದೆ. ನಿಲ್ಲಲಿಲ್ಲ.

ಕೊನೆಗೆ ತಳ ಬಿಚ್ಚಿದೆ. ನಾನು ಮೊದಲು ನೋಡುವುದು ಸ್ಕ್ರೂ. ಮುಂಬೈಯ ಮಳೆ, ಸಮುದ್ರದ ಗಾಳಿ ಎರಡೂ ಅಲ್ಲಿ ಬರೆದುಕೊಂಡಿರುತ್ತವೆ. ಕೊಳ್ಳುವವರು ಮೂಲೆಯ ಗುಳಿಯನ್ನೇ ಹತ್ತು ಸಲ ಸವರುತ್ತಾರೆ. ಯುಎಸ್‌ಬಿ ಪೋರ್ಟಿನೊಳಗೆ ಕಂದು ತುಕ್ಕು ಕೂತಿದ್ದರೆ ಗಮನಿಸುವುದೇ ಇಲ್ಲ. ಗುಳಿಗೆ ನಾನು ಸಾವಿರ ಕಳೆದರೆ ತುಕ್ಕಿಗೆ ಮೂರು ಸಾವಿರ ಕಳೆಯುತ್ತೇನೆ. ಎಷ್ಟೋ ಸಲ ತೆಗೆದುಕೊಳ್ಳುವುದೇ ಇಲ್ಲ. ಇದರಲ್ಲಿ ಧೂಳು ಇತ್ತು, ತುಕ್ಕು ಇರಲಿಲ್ಲ. ಎಸ್‌ಎಸ್‌ಡಿಗೆ ಬಿದ್ದ ಪೆಟ್ಟಿನ ಚಿಂತೆ ಕಡಿಮೆ, ಅದರೊಳಗೆ ತಿರುಗುವುದು ಏನೂ ಇಲ್ಲ. ಹಳೆ ಕಾಲದ ಹಾರ್ಡ್ ಡಿಸ್ಕ್ ಆಗಿದ್ದರೆ ಅದನ್ನೇ ಮೊದಲು ಚೆಕ್ ಮಾಡಬೇಕಿತ್ತು.

ಬ್ಯಾಟರಿಗೆ ವಿಂಡೋಸ್‌ನಲ್ಲೇ ಒಂದು ಉಪಾಯ ಇದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಬ್ಯಾಟರಿರಿಪೋರ್ಟ್ ಅನ್ನುವ ಆಜ್ಞೆ ಕೊಟ್ಟರೆ ಒಂದು ವರದಿ ಬರುತ್ತದೆ. ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಎರಡೂ ಅಂಕಿ ಅದರಲ್ಲಿ ಇರುತ್ತವೆ. ಇದರದ್ದು 50 ವ್ಯಾಟ್-ಅವರ್ ಬದಲು 34ಕ್ಕೆ ಇಳಿದಿತ್ತು. 68 ಪರ್ಸೆಂಟ್.

ಈಗ ಕಳೆಯುವ ಲೆಕ್ಕ. ಶೇಕಡಾ ಇಷ್ಟು ಅಂತ ಡೆಂಟ್‌ಗೆ ಕಳೆಯುವವರು ಇದ್ದಾರೆ. ನನಗೆ ಅದು ಒಪ್ಪುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಹಾಳಾದ ಭಾಗವನ್ನು ಬದಲಿಸಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಆ ಭಾಗಕ್ಕೆ ಕಳೆಯಬಾರದು. ಮುಚ್ಚಳದ ಹೊರಭಾಗಕ್ಕೆ ಧಂದೆಯಲ್ಲಿ ಎ ಪ್ಯಾನಲ್ ಅನ್ನುತ್ತಾರೆ. ಪರದೆಯ ಸುತ್ತಲಿನ ಚೌಕಟ್ಟು ಬಿ, ಕೀಬೋರ್ಡ್ ಕೂರುವುದು ಸಿ, ತಳ ಡಿ. ಈ ಮಾಡೆಲ್ಲಿನ ಹಳೆಯ ಎ ಪ್ಯಾನಲ್ ಲ್ಯಾಮಿಂಗ್ಟನ್ ರೋಡಿನಲ್ಲಿ ನನಗೆ 1,500ಕ್ಕೆ ಸಿಗುತ್ತಿತ್ತು. ಕೂರಿಸಲು ಐನೂರು. ಹಾಗಾದರೆ ಈ ಗುಳಿ ಯಾವ ಲೆಕ್ಕದಲ್ಲೂ ಎರಡು ಸಾವಿರಕ್ಕಿಂತ ಹೆಚ್ಚು ಬಾಳುವುದಿಲ್ಲ. ಬದಲಿಸದೆ ಹಾಗೇ ಬಳಸುವವನಿಗೆ ಅದರ ಅರ್ಧ ಬಿಟ್ಟುಕೊಟ್ಟರೆ ಸಾಕು. ಸಾವಿರ ಕಳೆದೆ.

ಪ್ಯಾನಲ್ ಬದಲಿಸಿಬಿಡೋಣ ಅಂತ ಅಕ್ಕ ಕೇಳಿದರು. ಬೇಡ ಅಂದೆ. ಎರಡು ಸಾವಿರ ಹಾಕಿ ಸಾವಿರ ಎತ್ತುವುದು ಯಾಕೆ?

ಗೀರುಗಳಿಗೆ ಉಗುರು ಓಡಿಸಿ ನೋಡುತ್ತೇನೆ. ಉಗುರು ಸಿಕ್ಕದ ಗೀರಿಗೆ ಸೊನ್ನೆ. ಒಂದು ಸಿಕ್ಕಿತು, ಬಿಳಿ ಚುಕ್ಕೆಯನ್ನೂ ಸೇರಿಸಿ ಐನೂರು. ಕೀಬೋರ್ಡಿನ ಕೀಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಅದಕ್ಕೆ ಏನೂ ಇಲ್ಲ, ಏಳು ವರ್ಷದ ಯಂತ್ರದಲ್ಲಿ ಹೊಳೆಯದಿದ್ದರೇ ಅನುಮಾನ. ಹೊಸ ಬ್ಯಾಟರಿಗೆ 2,400 ಇತ್ತು, ಈಗಿನದ್ದು ಇನ್ನೂ ಸ್ವಲ್ಪ ದಿನ ಬರುತ್ತದೆ, ಅರ್ಧ ಅಂತ 1,200. ಹದಿನಾರರಿಂದ ಇವೆಲ್ಲ ಹೋಗಿ 13,300. ಅಕ್ಕನಿಗೆ ಹೇಳಿದ್ದು ಹೀಗೆ: "ಹದಿನೈದೂವರೆ ಕೇಳಿ. ಹದಿಮೂರರ ಹತ್ತಿರ ಬಂದರೆ ಕೊಡಿ. ಹನ್ನೆರಡೂವರೆಗಿಂತ ಕೆಳಗೆ ಬೇಡ, ಅಷ್ಟಕ್ಕೆ ನಾನೇ ತಗೊಳ್ತೇನೆ."

ಈ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಮ್ಯಾಕ್‌ಬುಕ್‌ಗಳಲ್ಲಿ ಮುಚ್ಚಳ, ಪರದೆ ಎಲ್ಲ ಸೇರಿ ಒಂದೇ ಪೀಸಾಗಿ ಬರುತ್ತದೆ. 2020ರ ಎಂ1 ಏರ್‌ನ ಮುಚ್ಚಳ ನೆಗ್ಗಿದರೆ ಬರೀ ಮುಚ್ಚಳ ಬದಲಿಸಲು ಹೋಗುವ ಹಾಗಿಲ್ಲ, ಇಡೀ ಪರದೆಯ ದುಡ್ಡು ಬೀಳುತ್ತದೆ. ಅಲ್ಲಿ ಬದಲಿಸುವ ಖರ್ಚನ್ನು ಮೇಲಿನ ಮಿತಿ ಅಂದುಕೊಂಡರೆ ಅದು ಆಕಾಶದಲ್ಲಿರುತ್ತದೆ. ಆಗ ಅಂಥದ್ದೇ ಡೆಂಟ್ ಇದ್ದು ಮಾರಾಟವಾದವು ಎಷ್ಟಕ್ಕೆ ಹೋದವು ಅಂತ ಹುಡುಕುವುದೊಂದೇ ದಾರಿ. ಮ್ಯಾಕ್‌ಬುಕ್ ಕೊಳ್ಳುವವರು ನೋಟಕ್ಕೂ ಸೇರಿಸಿಯೇ ದುಡ್ಡು ಕೊಡುವವರು, ಅದೂ ಒಂದು ಕಾರಣ.

ಕ್ಲೀನಿಂಗ್‌ಗೆ ಒಂದು ಗಂಟೆ ಹಿಡಿಯಿತು. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿದೆ, ಕೀಗಳ ಸಂದಿಗೆ ಬ್ರಷ್. ಟೂತ್‌ಪೇಸ್ಟ್ ತಿಕ್ಕಿದರೆ ಗೀರು ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಇದ್ದ ಗೀರು ಇರುತ್ತದೆ, ಸುತ್ತ ಮಸುಕು ಬೇರೆ. ತಳದಲ್ಲಿ ಕಂಪನಿಯ ಆಸ್ತಿ ಅಂತ ಗುರುತಿಗೆ ಹಚ್ಚುವ ಆಸೆಟ್ ಸ್ಟಿಕರ್ ಅರ್ಧ ಕಿತ್ತು ಗೋಂದು ಉಳಿದಿತ್ತು. ನನ್ನ ಪ್ರಕಾರ ಆ ಅರ್ಧ ಸ್ಟಿಕರ್ ಮೂಲೆಯ ಗುಳಿಗಿಂತ ದುಬಾರಿ. ನೋಡಿದವನಿಗೆ ಮೊದಲು ಬರುವ ಯೋಚನೆ, ಕದ್ದ ಮಾಲಾ ಅಂತ. ಮಗ ಕೆಲಸ ಬಿಡುವಾಗ ಕಂಪನಿಯಿಂದಲೇ ದುಡ್ಡು ಕೊಟ್ಟು ತೆಗೆದುಕೊಂಡದ್ದು, ಅದರ ಕಾಗದ ಇತ್ತು. ಪುಣೆಯಿಂದ ಅವನು ಫೋಟೋ ಕಳಿಸಿದ, ನಾನು ಪ್ರಿಂಟ್ ತೆಗೆದಿಟ್ಟೆ. ವಿಂಡೋಸ್‌ಗೂ ಮೊದಲು ಏಳುವ ಬಯಾಸ್‌ನಲ್ಲಿ ಪಾಸ್‌ವರ್ಡ್ ಇಲ್ಲ ಅಂತಲೂ ನೋಡಿದೆ. ಇನ್ನು ಗೋಂದು. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿ, ಹತ್ತಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟೆ. ಬೆರಳಲ್ಲೇ ಉರುಳಿಕೊಂಡು ಬಂತು. ಕರಾವಳಿಯವನ ಅಂಗಡಿಯಲ್ಲಿ ತೆಂಗಿನೆಣ್ಣೆಗೆ ಏನು ಬರ?

ಮೇಲೆ ಸ್ಕಿನ್ ಅಂಟಿಸಿಬಿಡಬಹುದಿತ್ತು. ಇನ್ನೂರು, ಮುನ್ನೂರಕ್ಕೆ ಕಾರ್ಬನ್ ಡಿಸೈನಿನದ್ದು ಸಿಗುತ್ತದೆ, ಗೀರೆಲ್ಲ ಮುಚ್ಚಿಹೋಗುತ್ತದೆ. ಮಾಡುವುದಿಲ್ಲ. ಸ್ಕಿನ್ ಹಾಕಿದ ಹಳೆ ಲ್ಯಾಪ್‌ಟಾಪ್ ನೋಡಿದರೆ ನಾನೇ ಮೊದಲು ಅದರ ಮೂಲೆ ಎತ್ತಿ ನೋಡುತ್ತೇನೆ.

ಫೋಟೋ ತೆಗೆಯುವಾಗ ಅಕ್ಕನಿಗೂ ನನಗೂ ಸಣ್ಣ ಜಗಳವಾಯಿತು. ಗುಳಿಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು, ಅಡ್ಡ ಬೆಳಕು ಬಿಟ್ಟು, ತೀರ ಹತ್ತಿರದಿಂದ ತೆಗೆದೆ. ಅದನ್ನೇ ಎರಡನೇ ಫೋಟೋವಾಗಿ ಹಾಕಿದೆ.

"ಅಯ್ಯ, ತಮ್ಮಾ, ಹಿಂಗ ಹಾಕಿದ್ರ ಯಾರ ಬರ್ತಾರೋ? ಬಾವಿ ಕಂಡಂಗ ಕಾಣಸ್ತದ!"

"ಕಾಣಲಿ ಅಕ್ಕಾ. ಬರುವವರು ಅದನ್ನು ನೋಡಿಯೇ ಬರಲಿ."

ಜಾಹೀರಾತಿನಲ್ಲಿ ಬರೆದದ್ದೂ ನೇರವಾಗಿ. ಬ್ಯಾಗು ಬಿದ್ದು ಮುಚ್ಚಳದ ಒಂದು ಮೂಲೆ ನೆಗ್ಗಿದೆ, ಹಿಂಜ್‌ಗೆ ಏನೂ ಆಗಿಲ್ಲ, ಪರದೆಯಲ್ಲಿ ಒಂದು ಮಸುಕು ಚುಕ್ಕೆ ಇದೆ, ಬ್ಯಾಟರಿ 68 ಪರ್ಸೆಂಟ್, ಕಾಗದ ಇದೆ. ಹಿಂಜ್ ತೆಗೆದು ಮುಚ್ಚುವ ಅರ್ಧ ನಿಮಿಷದ ವೀಡಿಯೋ, ಬ್ಯಾಟರಿ ವರದಿ, ತಳ ಬಿಚ್ಚಿದ ಫೋಟೋ ಎಲ್ಲ ತಯಾರಿಟ್ಟುಕೊಂಡೆ. "ಲಾಸ್ಟ್ ಕಿತ್ನಾ", ಕೊನೆಗೆ ಎಷ್ಟು, ಅಂತ ಮಾತ್ರ ಕೇಳಿದವರು ಎಂಟು ಮಂದಿ. ಅವರಿಗೆ ನಾನು ಉತ್ತರ ಕೊಡುವುದಿಲ್ಲ, ನೋಡದೆ ಬೆಲೆ ಕೇಳುವವರು ಬರುವುದೂ ಇಲ್ಲ. ಒಬ್ಬ ಎಂಟು ಸಾವಿರ ಅಂದ, ಡೆಂಟ್ ಇದೆಯಲ್ಲಾ ಅಂತ. ವೀಡಿಯೋ ಕಳಿಸಿದೆ. ಹನ್ನೊಂದಕ್ಕೆ ಬಂದ. ಎದುರಿಗೆ ಬಂದೂ ನೋಡದೆ, ಬರೀ ವೀಡಿಯೋ ನೋಡಿ ಮೂರು ಸಾವಿರ ಏರಿದ. ಆ ಮೂರು ಸಾವಿರ ಯಾವುದರ ಬೆಲೆ ಅಂತ ನೀವೇ ನೋಡಿ.

ಐದನೇ ದಿನ ಅಂಬರನಾಥದಿಂದ ಒಬ್ಬ ಕಾಲೇಜು ಹುಡುಗ ಫೋನ್ ಮಾಡಿದ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಬರಲು ಹೇಳಿದೆ. ಮನೆಗೆ ಕರೆಯುವುದು ಬೇಡ ಅನ್ನುವುದು ನನ್ನ ನಿಯಮ. ಹೋಟೆಲಿನಲ್ಲಿ ಬೆಳಕು ಇರುತ್ತದೆ, ಪ್ಲಗ್ ಪಾಯಿಂಟ್ ಇರುತ್ತದೆ, ನಾಲ್ಕು ಜನ ಇರುತ್ತಾರೆ. ಜೊತೆಗೆ ಕಂಪ್ಯೂಟರ್ ಗೊತ್ತಿರುವ ಒಬ್ಬ ಗೆಳೆಯನನ್ನು ಕರೆತಂದಿದ್ದ. ಎಲ್ಲರೂ ಒಬ್ಬ ಅಂಥ ಗೆಳೆಯನನ್ನು ಕರೆತರುತ್ತಾರೆ. ಅವನ ಕೆಲಸ ಏನಾದರೂ ಕೊರತೆ ಹುಡುಕುವುದು.

ಲ್ಯಾಪ್‌ಟಾಪ್ ಹೊರಗೆ ತೆಗೆದ ಕೂಡಲೇ ಹುಡುಗನ ಹೆಬ್ಬೆರಳು ಸೀದಾ ಮೂಲೆಗೆ ಹೋಯಿತು. ಸವರಿದ. ಗೆಳೆಯನ ಕಡೆ ನೋಡಿದ. "ಫೋಟೋತ್ ಮೋಠಾ ದಿಸತ್ ಹೋತಾ" ಅಂದ ಮರಾಠಿಯಲ್ಲಿ, ಫೋಟೋದಲ್ಲಿ ದೊಡ್ಡದು ಕಾಣುತ್ತಿತ್ತು ಅಂತ. ಅಕ್ಕ ನನ್ನ ಮುಖ ನೋಡಿದರು. ನಾನು ಕಾಫಿ ಕುಡಿದೆ.

ಗೆಳೆಯ ತನ್ನ ಕೆಲಸ ಮಾಡಿದ. ಬಿಳಿ ಪರದೆ ಹಾಕಿ ಚುಕ್ಕೆ ಹುಡುಕಿದ, ಸಿಕ್ಕಿತು. ಅದು ಮೊದಲೇ ಬರೆದಿದೆ ಅಂತ ತೋರಿಸಿದೆ. ಬ್ಯಾಟರಿ ಅಂದ. ವರದಿ ಕೊಟ್ಟೆ. ಹಿಂಜ್ ಆಡಿಸಿದ, ವೈಫೈ ಹಾಕಿ ನೋಡಿದ, ಎಲ್ಲ ಪೋರ್ಟಿಗೂ ತನ್ನ ಪೆನ್‌ಡ್ರೈವ್ ಚುಚ್ಚಿದ. ಕೊನೆಗೆ ಹುಡುಕಲು ಏನೂ ಉಳಿಯದೆ ಕೀಬೋರ್ಡ್ ಹೊಳೆಯುತ್ತದೆ ಅಂದ. ಅಕ್ಕನಿಗೇ ನಗು ಬಂತು.

ಹದಿನೈದೂವರೆಯಿಂದ ಮಾತು ಶುರುವಾಯಿತು. ಅವನು ಹನ್ನೆರಡು ಅಂದ. ನಾನು ನನ್ನ ಲೆಕ್ಕದ ಚೀಟಿಯನ್ನೇ ಅವನ ಮುಂದೆ ಇಟ್ಟೆ, ಮೂಲೆಗೆ ಇಷ್ಟು ಬಿಟ್ಟಿದ್ದೇನೆ, ಬ್ಯಾಟರಿಗೆ ಇಷ್ಟು ಬಿಟ್ಟಿದ್ದೇನೆ ಅಂತ. ಇದು ಎಲ್ಲರ ಹತ್ತಿರ ಮಾಡಬೇಕಾದದ್ದಲ್ಲ. ಚೀಟಿ ನೋಡಿ ಇನ್ನೂ ಇಳಿಸುವವರೂ ಇದ್ದಾರೆ. ಈ ಹುಡುಗ ಕೂತು ಓದಿದ, ಅದಕ್ಕೇ ಕೊಟ್ಟೆ. 13,800ಕ್ಕೆ ಮುಗಿಯಿತು. ಯುಪಿಐನಲ್ಲಿ ಅಕ್ಕನ ಖಾತೆಗೆ ಬಂದ ಮೇಲೆ, ಮೆಸೇಜ್ ಅಲ್ಲ, ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದ ಮೇಲೆ, ಚಾರ್ಜರ್ ಕೊಟ್ಟೆ. ಒಂದು ಹಾಳೆಯಲ್ಲಿ ಸೀರಿಯಲ್ ನಂಬರ್, ಬೆಲೆ, ಮೂಲೆ ನೆಗ್ಗಿದ್ದು ನೋಡಿ ಕೊಂಡಿದ್ದೇನೆ ಅನ್ನುವ ಒಂದು ಸಾಲು ಬರೆಸಿ ಇಬ್ಬರ ಸಹಿ ಹಾಕಿಸಿದೆ.

ಅಕ್ಕ ನನಗೆ ದುಡ್ಡು ಕೊಡಲು ಬಂದರು. ಹೊಸದಾಗಿ ಹಾಕಿದ ರಬ್ಬರ್ ಕಾಲಿನ ನೂರಿಪ್ಪತ್ತು ಮಾತ್ರ ತೆಗೆದುಕೊಂಡೆ. ಮರುದಿನ ಡಬ್ಬಿ ತುಂಬ ಶೇಂಗಾ ಹೋಳಿಗೆ ಬಂತು. ಸ್ಟೀಲಿನ ಡಬ್ಬಿ. ಅದೇನಾ ಅಂತ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಆ ಹುಡುಗ ಬ್ಯಾಟರಿ ಹಾಕಿಸಲು ಅಂಗಡಿಗೆ ಬಂದಿದ್ದ. ಗುಳಿಯ ಮೇಲೆ ಮುಂಬೈ ಇಂಡಿಯನ್ಸ್‌ನ ಸ್ಟಿಕರ್ ಅಂಟಿಸಿದ್ದಾನೆ. ಮುಂದೆ ಮಾರುವಾಗ ಕಿತ್ತರೆ ಗೋಂದು ಉಳಿಯುತ್ತದೆ ಮಾರಾಯಾ ಅಂದೆ. "ವಿಕಣಾರ್ ಕೋಣ್?" ಅಂದ. ಮಾರುವವರು ಯಾರು ಅಂತ.